ಹಣದುಬ್ಬರ ಇಳಿದರೆ ಬೆಲೆಯೂ ಇಳಿಯಬೇಕಾ?

ಹಣದುಬ್ಬರ ಇಳಿದಿದೆಯಂತೆ, ಅಂಗಡಿಯಲ್ಲಿ ಮಾತ್ರ ಬೆಲೆ ಇಳಿದಿಲ್ಲ, ಹಾಗಾಗಿ ಲೆಕ್ಕವೇ ಸುಳ್ಳು. ಈ ಅರ್ಥದ ಸಂದೇಶ ಫ್ಯಾಮಿಲಿ ಗ್ರೂಪುಗಳಿಗೆ ಆಗಾಗ ಬರುತ್ತದೆ. ಕಳಿಸಿದವರ ಬೇಸರ ನಿಜ. ಸಂತೆಗೆ ಹೋಗಿಬಂದವರಿಗೆಲ್ಲ ಅದು ಗೊತ್ತು. ತೀರ್ಮಾನ ಮಾತ್ರ ತಪ್ಪು.

ಹಣದುಬ್ಬರ ಅಂದರೆ ಬೆಲೆಯಲ್ಲ, ಬೆಲೆ ಏರುವ ವೇಗ. ಸಾಮಾನ್ಯವಾಗಿ ಕಳೆದ ವರ್ಷದ ಇದೇ ತಿಂಗಳಿಗೆ ಹೋಲಿಸಿ ಹೇಳುತ್ತಾರೆ. 100 ರೂಪಾಯಿಯ ಸಾಮಾನು ಒಂದು ವರ್ಷಕ್ಕೆ 110 ಆಯಿತು, ಮರುವರ್ಷ 114.40 ಆಯಿತು ಅನ್ನಿ. ಹಣದುಬ್ಬರ ಶೇ 10ರಿಂದ 4ಕ್ಕೆ ಇಳಿಯಿತು. ಜೇಬಿನಿಂದ ಹೋಗಿದ್ದು ಜಾಸ್ತಿಯೇ, ಅಲ್ವಾ?

ಇನ್ನೊಂದು ಪ್ರಶ್ನೆ ಸ್ವಲ್ಪ ಆಳದ್ದು. ಈ ಅಂಕಿ ಯಾರ ಮನೆಯದು? ನಿಜ ಹೇಳಬೇಕೆಂದರೆ ಯಾರದೂ ಅಲ್ಲ. ಸಮೀಕ್ಷೆಯಲ್ಲಿ ಸಿಕ್ಕ ಮನೆಖರ್ಚುಗಳಿಂದ ಕಟ್ಟಿದ ಸರಾಸರಿ ಬುಟ್ಟಿ, ಅಂದರೆ ಸಾಮಾನು-ಸೇವೆಗಳ ಪಟ್ಟಿ, ಅದರ ಲೆಕ್ಕ ಅದು. 2012ರ ಬೆಲೆಯನ್ನು 100 ಎಂದಿಟ್ಟು ಹೋಲಿಸುತ್ತಿದ್ದ ಲೆಕ್ಕದ ಸರಣಿಯಲ್ಲಿ (2012 ಆಧಾರ ವರ್ಷ) ಈ ಬುಟ್ಟಿಯೊಳಗೆ ಆಹಾರ ಮತ್ತು ಪಾನೀಯದ ಪಾಲು ಹಳ್ಳಿಗೆ ಸುಮಾರು ಶೇ 54, ನಗರಕ್ಕೆ ಸುಮಾರು ಶೇ 36 ಇತ್ತು. ಕಾಲೇಜು ಫೀಸು ಕಟ್ಟುವ ಮನೆಗೂ ಮಾತ್ರೆಗೇ ದುಡ್ಡು ಸುರಿಯುವ ಮನೆಗೂ ಒಂದೇ ಬುಟ್ಟಿ ಒಪ್ಪುವುದಿಲ್ಲ. ಬುಟ್ಟಿ ಹಳೆಯದಾಗುತ್ತದೆ ಎಂಬ ಟೀಕೆ ನನ್ನ ಪ್ರಕಾರ ನ್ಯಾಯವೇ. ಆದರೆ ಸರಾಸರಿ ನಮ್ಮ ಮನೆಗೆ ಹೊಂದದಿರುವುದು ಬೇರೆ, ಅದು ಸುಳ್ಳಾಗಿರುವುದು ಬೇರೆ.

ನೀವೇ ನೋಡಬಹುದು. ಕಳೆದ ವರ್ಷ ಇದೇ ತಿಂಗಳ ದಿನಸಿ ಬಿಲ್ ಹುಡುಕಿ. ಅದೇ ಸಾಮಾನು, ಅದೇ ಅಳತೆಗೆ ಇವತ್ತಿನ ಬೆಲೆ ಹಾಕಿ. ಹೆಚ್ಚಾದದ್ದನ್ನು ಹಳೆಯ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ. ಬಂದ ಅಂಕಿಯನ್ನು ಈ ವರ್ಷದ ಅದೇ ತಿಂಗಳ ಅಧಿಕೃತ ಹಣದುಬ್ಬರ ಪ್ರಕಟಣೆಯ ಆಹಾರ ವಿಭಾಗದ ಸಾಲಿನ ಪಕ್ಕ ಇಡಿ, ಒಟ್ಟು ಅಂಕಿಯ ಪಕ್ಕ ಅಲ್ಲ.