ಗಾಳಿ ಬೀಸದ ಊರಿನ ಮೈಲೇಜು

ಹೊಸ ಕಾರು ತಂದವನನ್ನು ಜನ ಬ್ರೇಕ್ ಹೇಗಿದೆ, ಏರ್‌ಬ್ಯಾಗ್ ಎಷ್ಟಿವೆ ಎಂದೆಲ್ಲ ಕೇಳುವುದಿಲ್ಲ. "ಎಷ್ಟು ಕೊಡುತ್ತೆ?" ಇಷ್ಟೇ. ಈ ಪ್ರಶ್ನೆಗೆ ನಿಜ ಹೇಳಿದ ಗೃಹಸ್ಥನನ್ನು ನಾನಿನ್ನೂ ಕಂಡಿಲ್ಲ.

"ನಿಮ್ಮದು ಎಷ್ಟು ಕೊಡುತ್ತೆ ಸಾರ್?"

"ಹೈವೇಲಿ ಇಪ್ಪತ್ನಾಲ್ಕು, ಮೋಸ ಇಲ್ಲ."

"ಸಿಟೀಲಿ?"

"ಸಿಟೀಲಿ ನಾನು ಅಷ್ಟಾಗಿ ಓಡ್ಸಲ್ಲ."

ದಿನಾ ಆಫೀಸಿಗೆ ಇದೇ ಕಾರಿನಲ್ಲಿ ಹೋಗಿಬರುವ ಮಹಾನುಭಾವ ಇವನು. ನಾಲ್ಕು ವರ್ಷ ಬಿಟ್ಟು ಮಾರಲು ಹೊರಟಾಗ ಅದೇ ಗಾಡಿ ಇಪ್ಪತ್ತಾರು ಕೊಡತೊಡಗುತ್ತದೆ. ಎಂಜಿನ್ ಸವೆದಷ್ಟೂ ಹೆಚ್ಚು ದೂರ ಓಡುವ ಈ ಪವಾಡ ನಡೆಯುವುದು ಗಿರಾಕಿ ಬಂದ ದಿನ ಮಾತ್ರ.

ಮಾಲೀಕನನ್ನೇ ದೂರಿ ಪ್ರಯೋಜನವಿಲ್ಲ. ಅವನದು ಬಾಯಿಮಾತಿನ ಸುಳ್ಳು. ಕಂಪನಿಯದಕ್ಕೆ ಸರ್ಟಿಫಿಕೇಟ್ ಇರುತ್ತದೆ. ಯುರೋಪಿನಲ್ಲಿ 2017ರವರೆಗೆ ಆ ಸರ್ಟಿಫಿಕೇಟ್ ಹುಟ್ಟುತ್ತಿದ್ದದ್ದು ಎನ್‌ಇಡಿಸಿ ಎಂಬ ಪರೀಕ್ಷೆಯಲ್ಲಿ. ಮುಚ್ಚಿದ ಕೋಣೆ. ಕಾರಿನ ಚಕ್ರಗಳು ರೋಲರ್ ಮೇಲೆ, ಮೂತಿಯೆದುರು ಒಂದು ದೊಡ್ಡ ಫ್ಯಾನು. ಚಕ್ರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಡ್ರೈವರ್ ರಸ್ತೆ ನೋಡುವ ಹಾಗಿಲ್ಲ, ರಸ್ತೆಯೇ ಇಲ್ಲವಲ್ಲ. ಪರದೆಯ ಮೇಲಿನ ಗೆರೆ ನೋಡಿಕೊಂಡು ಅದು ಏರಿದರೆ ಆಕ್ಸಿಲರೇಟರ್ ಒತ್ತಬೇಕು, ಇಳಿದರೆ ಕಾಲು ತೆಗೆಯಬೇಕು. ಬಿಸಿಲಿಲ್ಲ, ಮಳೆಯಿಲ್ಲ, ಏರಿಲ್ಲ, ಹಿಂದಿನ ಸೀಟಿನಲ್ಲಿ ನೆಂಟರಿಲ್ಲ, ಎಸಿ ಬಂದ್. ಒಟ್ಟು 11 ಕಿಲೋಮೀಟರ್, 20 ನಿಮಿಷದಲ್ಲಿ ಮುಕ್ತಾಯ. 120ರ ವೇಗವನ್ನೂ ಮುಟ್ಟುತ್ತಿದ್ದರು ಎನ್ನಿ, 10 ಸೆಕೆಂಡ್ ಮಟ್ಟಿಗೆ.

ಇದರ ಪೈಕಿ ನನಗೆ ಬಹಳ ಹಿಡಿಸಿದ್ದು ನಿಂತಲ್ಲಿಂದ ಐವತ್ತರ ವೇಗ ಮುಟ್ಟಲು ಕೊಟ್ಟಿದ್ದ 26 ಸೆಕೆಂಡ್. ಸಿಗ್ನಲ್ ಹಸಿರಾದಾಗ ಒಮ್ಮೆ ಹೀಗೆ ಹೊರಟು ನೋಡಿ. ಅಷ್ಟರಲ್ಲಿ ನಿಮ್ಮ ಹಿಂದಿನವನು ಹಾರ್ನ್ ಹೊಡೆದು, ಕಿಟಕಿ ಇಳಿಸಿ, ನಿಮ್ಮ ವಂಶವನ್ನೆಲ್ಲ ವಿಚಾರಿಸಿಕೊಂಡು, ಮತ್ತೆ ಕಿಟಕಿ ಏರಿಸಿರುತ್ತಾನೆ.

ಇಷ್ಟು ಸುಖದ ಪರೀಕ್ಷೆಗೂ ಕೆಲವರು ಚೀಟಿ ಒಯ್ಯುತ್ತಿದ್ದರು. ಬಾಗಿಲ ಸಂದಿಗೆ ಟೇಪ್ ಅಂಟಿಸುವುದು, ಟೈರಿಗೆ ಗಾಳಿ ಜಾಸ್ತಿ ತುಂಬುವುದು, ಇಂಥವು. ಬಾಗಿಲಿಗೆ ಟೇಪ್ ಹಚ್ಚಿದ ಕಾರಿನೊಳಗೆ ಹತ್ತುವುದು ಹೇಗೆ ಎಂದು ಕೇಳಬೇಡಿ, ಅದು ಗಿರಾಕಿಯ ತಾಪತ್ರಯ. ವಾಹನಗಳ ಹೊಗೆ, ಇಂಧನದ ಲೆಕ್ಕ ನೋಡುವ ಐಸಿಸಿಟಿ ಸಂಸ್ಥೆಯ ಅಧ್ಯಯನದ ಪ್ರಕಾರ ಯುರೋಪಿನಲ್ಲಿ ಪರೀಕ್ಷೆಗೂ ರಸ್ತೆಗೂ ಇದ್ದ ಅಂತರ 2001ರಲ್ಲಿ ಸುಮಾರು ಶೇ 9, 2015ರ ಹೊತ್ತಿಗೆ ಶೇ 42. ಎಂಜಿನಿಯರುಗಳು ಸುಮ್ಮನೆ ಕೂತಿರಲಿಲ್ಲ ಎನ್ನುವುದಕ್ಕೆ ಬೇರೆ ಪುರಾವೆ ಬೇಕೆ?

ಹ್ಯುಂಡೈ ಮತ್ತು ಕಿಯಾ 2012ರಲ್ಲಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಕಾರುಗಳ ಮೈಲೇಜನ್ನು ತಾವೇ ಇಳಿಸಿ ಬರೆದು ಮಾಲೀಕರಿಗೆ ಪರಿಹಾರ ಕೊಡಬೇಕಾಯಿತು. ಮಿತ್ಸುಬಿಷಿಯವರು 2016ರಲ್ಲಿ ಬಾಯಿಬಿಟ್ಟರು: ಜಪಾನಿನ ನಿಯಮ ಹೇಳಿದ ಪರೀಕ್ಷಾಕ್ರಮವನ್ನು 1991ರಿಂದಲೇ ಕೈಬಿಟ್ಟಿದ್ದರಂತೆ. ಕಾಲು ಶತಮಾನ! ಯಾವ ಗಿರಾಕಿಯೂ ಅಷ್ಟು ವರ್ಷ ಗುಟ್ಟು ಹಿಡಿಯದಿದ್ದುದಕ್ಕೆ ಕಾರಣ ಸರಳ, ಬ್ರೋಷರಿನ ಅಂಕಿ ಬರದಿದ್ದರೆ ತಪ್ಪು ತನ್ನ ಕಾಲಿನದೇ ಎಂದು ಪ್ರತಿಯೊಬ್ಬನೂ ನಂಬಿರುತ್ತಾನೆ.

ಆಮೇಲೆ ಎನ್‌ಇಡಿಸಿಯ ಜಾಗಕ್ಕೆ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆ ಬಂತು. 30 ನಿಮಿಷ, 23 ಕಿಲೋಮೀಟರ್, ವೇಗ 131ರವರೆಗೆ. ಮೊದಲಿಗಿಂತ ಎಷ್ಟೋ ವಾಸಿ. ಆದರೆ ಕೋಣೆ 23 ಡಿಗ್ರಿಯಲ್ಲಿ ತಣ್ಣಗಿರುತ್ತದೆ, ಎಸಿ ಮಾತ್ರ ಇನ್ನೂ ಬಂದ್. ಜನ ಎಸಿ ಹಾಕುತ್ತಾರೆ, ಚಳಿಯಲ್ಲೂ ಗಾಡಿ ತೆಗೆಯುತ್ತಾರೆ, ಜೋರಾಗಿಯೂ ಓಡಿಸುತ್ತಾರೆ ಎಂಬ ಮಹಾಶೋಧವನ್ನು ಅಮೆರಿಕದವರು 2008ರ ಮಾದರಿಯ ಕಾರುಗಳಿಂದಲೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ.

ಹಾಗಾದರೆ ನಿಜ ತಿಳಿಯುವುದು ಬಹಳ ಕಷ್ಟವೇ? ಇಲ್ಲ, ಅದೇ ತಮಾಷೆ. ನಾಜಲ್ ಟಕ್ ಎಂದು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ನಿಮ್ಮ ಪಾಡಿಗೆ ಓಡಿಸಿ. ಮತ್ತೆ ಟಕ್ ಎನ್ನುವವರೆಗೆ ತುಂಬಿಸಿ. 420 ಕಿಲೋಮೀಟರ್ ಓಡಿ 30 ಲೀಟರ್ ಹಿಡಿಸಿದರೆ 14. ಮೂರನೇ ಕ್ಲಾಸಿನ ಭಾಗಾಕಾರ. ಆದರೆ ಇದನ್ನು ಶಾಂತವಾಗಿ ಮಾಡಲು ಬಿಡುವವರಾರು? ಟಕ್ ಎಂದ ಮೇಲೂ "ಇನ್ನೊಂಚೂರು ಹಿಡಿಯುತ್ತೆ" ಎಂದು ಒಬ್ಬ ಕಾರಿನ ಹಿಂಬದಿ ಹಿಡಿದು ಅಲ್ಲಾಡಿಸುತ್ತಾನೆ. ಚಿಲ್ಲರೆ ಬೇಡವೆಂದು ಇನ್ನೊಬ್ಬ ರೌಂಡ್ ಫಿಗರ್ ಮಾಡಿಸುತ್ತಾನೆ. ಮತ್ತೊಬ್ಬ ಮೊದಲ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ ಜಗತ್ತಿನ ಎಂಟನೇ ಅದ್ಭುತವನ್ನು ಕಂಡುಹಿಡಿಯುತ್ತಾನೆ. ಸುಟ್ಟುಹೋದದ್ದು ಎರಡನೇ ಸಲ ತುಂಬಿದಷ್ಟು ಎಂದು ಅವನಿಗೆ ಹೇಳುವ ಧೈರ್ಯ ನನಗಂತೂ ಇಲ್ಲ. ಒಂದು ಬಂಕಿನ ನಾಜಲ್ ಬೇಗ ನಿಲ್ಲುತ್ತದೆ, ಇನ್ನೊಂದರದು ತಡವಾಗಿ. 30 ಲೀಟರಿನಲ್ಲಿ ಒಂದು ಲೀಟರ್ ಆಚೀಚೆಯಾದರೂ ಶೇ 3ರಷ್ಟು ಏರುಪೇರು. ಅದಕ್ಕೇ ನಾಲ್ಕಾರು ಟ್ಯಾಂಕಿನ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. ಅಷ್ಟು ತಾಳ್ಮೆ ಇರುವವನಿಗೆ ಉತ್ತರ ಸಿಕ್ಕೇ ಸಿಗುತ್ತದೆ, ಆದರೆ ಅವನು ಅದನ್ನು ಒಪ್ಪುವುದಿಲ್ಲ. 14 ಬಂದರೆ ಬಂಕಿನವನು ಮೋಸ ಮಾಡಿದ, ಟೈರಿನಲ್ಲಿ ಗಾಳಿ ಕಮ್ಮಿ ಇತ್ತು, ಇಲ್ಲವೇ ಕಾರು ಕೇಳಿ ಒಯ್ದ ಭಾವಮೈದುನ ಗೇರ್ ಸರಿ ಹಾಕಲಿಲ್ಲ.

ಅವನ ಆರಾಧ್ಯದೈವ ಡ್ಯಾಶ್‌ಬೋರ್ಡಿನ ಅಂಕಿ. ಇಳಿಜಾರಿನಲ್ಲಿ ಕಾಲೆತ್ತಿದರೆ ಎಂಜಿನ್‌ಗೆ ಇಂಧನ ಹೋಗುವುದೇ ನಿಲ್ಲುತ್ತದೆ, ಆಗ ಪರದೆಯಲ್ಲಿ 99.9 ಮೂಡುತ್ತದೆ. ಥಟ್ಟನೆ ಫೋಟೊ, ಮನೆಮಂದಿಯ ಗುಂಪಿಗೆ ರವಾನೆ. ಮುಂದಿನ ಏರಿನಲ್ಲಿ ಅದೇ ಪರದೆ 5 ತೋರಿಸುವಾಗ ಫೋನು ಜೇಬಿನಲ್ಲಿರುತ್ತದೆ.

ಇನ್ನೊಂದು ಲೆಕ್ಕವೂ ಇದೆ. 20 ಕೊಡುತ್ತಿದ್ದದ್ದು ಬಿಟ್ಟು 25 ಕೊಡುವ ಕಾರು ತಂದವನು 100 ಕಿಲೋಮೀಟರಿಗೆ ಉಳಿಸುವುದು ಒಂದು ಲೀಟರ್. 10 ಕೊಡುವುದನ್ನು ಬಿಟ್ಟು 12 ಕೊಡುವುದನ್ನು ತಂದವನು ಉಳಿಸುವುದು ಒಂದೂಮುಕ್ಕಾಲು ಲೀಟರಿನ ಹತ್ತಿರ. ಆದರೂ "ಬರೀ ಹನ್ನೆರಡಾ?" ಎಂದು ಮುಖ ಸಿಂಡರಿಸುವುದು ಮೊದಲನೆಯವನೇ.

ಈಗ ಯುರೋಪಿನಲ್ಲಿ 2021ರಿಂದ ಪ್ರತಿ ಹೊಸ ಕಾರಿನೊಳಗೂ ಕುಡಿದ ಇಂಧನವನ್ನು ತಾನೇ ಬರೆದಿಟ್ಟುಕೊಳ್ಳುವ ಮೀಟರ್ ಇದೆ. 2024ರಲ್ಲಿ ಯುರೋಪಿಯನ್ ಕಮಿಷನ್ ಆ ಚಿತ್ರಗುಪ್ತನ ಕಡತ ತೆರೆದು ನೋಡಿತು. ಪೆಟ್ರೋಲ್, ಡೀಸೆಲ್ ಕಾರುಗಳು ಹೊಸ ಪರೀಕ್ಷೆಯ ಅಂಕಿಗಿಂತಲೂ ಸುಮಾರು ಶೇ 20 ಹೆಚ್ಚು ಕುಡಿದಿದ್ದವು. ಪೆಟ್ರೋಲೂ ಹಾಕಿ ಕರೆಂಟಿಗೂ ಚುಚ್ಚುವ ಪ್ಲಗ್-ಇನ್ ಹೈಬ್ರಿಡ್‌ಗಳ ಹೊಗೆ ಕಾಗದದ ಮೇಲಿನದಕ್ಕಿಂತ ಮೂರೂವರೆ ಪಟ್ಟು. ಮುಖ್ಯ ಕಾರಣ, ಕಾಗದದ ಅಂಕಿ ಲೆಕ್ಕಹಾಕುವ ಸೂತ್ರ ನಂಬಿಕೊಂಡಷ್ಟು ಸಲ ಮಾಲೀಕರು ಚಾರ್ಜ್ ಮಾಡುವುದಿಲ್ಲ. ಹೀಗಾಗಿ ಆ ಸೂತ್ರವನ್ನು 2025ರಲ್ಲಿ ಒಂದಿಷ್ಟು ಬಿಗಿ ಮಾಡಿದ್ದಾರೆ, ಉಳಿದದ್ದು 2027ಕ್ಕೆ. ಕಾರಿನ ಸಾಲದ ಹಾಗೆ ಕಾರಿನ ನಿಜಕ್ಕೂ ಕಂತು ಕಟ್ಟುವ ಅನುಕೂಲವಾಯಿತು.