ಪ್ರಾರ್ಥನೆ: ಮಹಿಳಾ ಸದಸ್ಯರಿಂದ

ಮಾರ್ಚ್ ಬಂತೆಂದರೆ ಹಾಸನದ ನಮ್ಮ ಮನೆ ಗೇಟಿಗೆ ಮಹಿಳಾ ದಿನಾಚರಣೆಯ ಆಹ್ವಾನ ಪತ್ರಿಕೆ ಸಿಕ್ಕಿಸಿ ಹೋಗುತ್ತಾರೆ. ಈ ವರ್ಷದ್ದನ್ನು ಎರಡೆರಡು ಸಲ ಓದಿದೆ. ದಿವ್ಯ ಸಾನ್ನಿಧ್ಯ ಗಂಡಸು. ಉದ್ಘಾಟನೆ ಗಂಡಸು. ಅಧ್ಯಕ್ಷತೆ ಗಂಡಸು. ಘನ ಉಪಸ್ಥಿತಿ ಹದಿಮೂರು ಗಂಡಸರು. ಅದರಲ್ಲಿ ಇಬ್ಬರು ಇನ್ನೂ ಇದ್ದಾರಾ ಅಂತ ನನ್ನಾಕೆಗೆ ಅನುಮಾನ. ಕೊನೆಗೆ ಸಣ್ಣ ಅಕ್ಷರದಲ್ಲಿ, 'ಪ್ರಾರ್ಥನೆ: ಮಹಿಳಾ ಸದಸ್ಯರಿಂದ'. ಹೆಸರಿಲ್ಲ. ದೇವರಿಗೆ ಗೊತ್ತಿರುತ್ತೆ ಬಿಡಿ.

ಹೋದೆ. ಕೇಸರಿಬಾತ್ ಚೆನ್ನಾಗಿತ್ತು. ಅದೂ ಮಹಿಳಾ ಸದಸ್ಯರಿಂದಲೇ.

ಭಾಷಣಕಾರರು ಹೊಯ್ಸಳ ರಾಣಿ ಶಾಂತಲೆಯಿಂದ ಶುರು ಮಾಡಿದರು. ನಮ್ಮ ಜಿಲ್ಲೆಯಲ್ಲಿ ಮೈಕ್ ಸಿಕ್ಕವರಿಗೆ ಶಾಂತಲೆ ಬಹಳ ಅನುಕೂಲ. 1131ರಲ್ಲೇ ಶಿವಗಂಗೆಯಲ್ಲಿ ತೀರಿಕೊಂಡವರು, ಎದ್ದು ಬಂದು 'ಹಾಗಲ್ಲ ಸ್ವಾಮಿ' ಅನ್ನೋದಿಲ್ಲ. ನಲವತ್ತು ನಿಮಿಷ ಬರೀ ಆಕೆಯ ರೂಪ. ಬೇಲೂರಿನ ದರ್ಪಣ ಸುಂದರಿ ಆಕೆಯೇ ಅಂತೆ. ಅಲ್ಲಿನ ಗೈಡುಗಳೂ ಹಾಗೇ ಹೇಳ್ತಾರೆ. 1117ರಲ್ಲಿ ಗಂಡ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದರೆ, ಅದೇ ಅಂಗಳದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದ್ದು ಈಕೆ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಬಸದಿ ಕಟ್ಟಿಸಿದ್ದೂ ಈಕೆಯೇ. ಅದೆಲ್ಲ ಯಾರಿಗೆ ಬೇಕು? ಕನ್ನಡಿ ಸಾಕು. ಆ ಬಸದಿಯ ಹೆಸರು ಸವತಿಗಂಧವಾರಣ. ಸವತಿಯರ ಪಾಲಿನ ಮದ್ದಾನೆ ಅಂತ ಆಕೆಗಿದ್ದ ಬಿರುದು. ಹಾಡು, ಕುಣಿತ ಬಲ್ಲವಳು ಅಂತಲೂ ಶಾಸನಗಳು ಹೊಗಳಿವೆ. ಗುಡಿಗೆ ಅಂಟಿಕೊಂಡು ಉಳಿದದ್ದು ಮಾತ್ರ ಸವತಿ ಜಗಳ.

ಬೇಲೂರು ಅಂದಾಗ ನೆನಪಾಯ್ತು. ಅಲ್ಲಿ ಹೊರಗೆ 38, ಒಳಗೆ 4 ಮದನಿಕೆಯರಿದ್ದಾರೆ. ಕೆಲವು ವಿಗ್ರಹಗಳ ಬುಡದಲ್ಲಿ ಅಕ್ಷರಗಳಿವೆ. ಅದು ಆ ಹುಡುಗಿಯ ಹೆಸರಿರಬೇಕು ಅಂತ ಚಿಕ್ಕವನಿದ್ದಾಗ ಅಂದ್ಕೊಂಡಿದ್ದೆ. ಅಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಕೆತ್ತಿದವರ ಹೆಸರುಗಳು, ಬಿರುದು ಸಮೇತ. ಅವರು ಹಾಕಿಕೊಳ್ಳಲಿ ಪಾಪ, ಕೈಚಳಕ ಅಂಥದ್ದು. ಆದರೆ ಸಭಾಂಗಣದ ಹೊರಗಿನ ಫ್ಲೆಕ್ಸ್? ನಡುವೆ ಸನ್ಮಾನಿತೆಯ ಅಂಚೆಚೀಟಿಯಷ್ಟು ಫೋಟೋ, ಸುತ್ತ ಶುಭ ಕೋರುವ ಇಪ್ಪತ್ತು ಮೀಸೆಗಳು. ಇವರೇನು ಕೆತ್ತಿದ್ದಾರೆ ಅಂತ?

ಬಾನು ಮುಷ್ತಾಕ್ ಹೆಸರೂ ಬಂತು. 'ನಮ್ಮ ಹಾಸನದ ಹೆಮ್ಮೆ!' ನಿಜ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ತಂದರು. ಅದೇ ವರ್ಷ ದಸರಾ ಉದ್ಘಾಟನೆಗೆ ಅವರನ್ನು ಕರೆದರೆ, ಅವರು ಬೇಡ ಅಂತ ಕೆಲವರು ಸುಪ್ರೀಂ ಕೋರ್ಟ್ ತನಕ ಹೋದರು. ಅರ್ಜಿ ವಜಾ ಆಯ್ತು, ಬಿಡಿ. ಅದಕ್ಕೂ ಇಪ್ಪತ್ತೈದು ವರ್ಷ ಮುಂಚೆ, ಹೆಂಗಸರೂ ಮಸೀದಿಗೆ ಹೋಗಬಹುದು ಅಂದಿದ್ದಕ್ಕೆ ಆ ಕಡೆಯವರು ಬಹಿಷ್ಕಾರ ಹಾಕಿದ್ದರು. ಚಾಮುಂಡಿ ಬೆಟ್ಟ ಹತ್ತುತ್ತಾರೆ ಅನ್ನೋದಕ್ಕೆ ಈ ಕಡೆಯವರು ಉರಿದುಬಿದ್ದರು. ಹೆಂಗಸು ಎಲ್ಲಿಗೆ ಹೋಗಬಾರದು ಅನ್ನೋ ವಿಷಯದಲ್ಲಿ ಮಾತ್ರ ಎಂಥ ಕೋಮು ಸೌಹಾರ್ದ! ನಗೋಣ ಅಂತ ಬರೆಯೋಕೆ ಕೂತೆ, ನಗು ಬರ್ತಿಲ್ಲ. ಸಾಕಾಗಿ ಹೋಗಿದೆ ಕಣ್ರೀ. ಗೆದ್ದು ಬಂದ ಮೇಲೂ ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡ್ತೀವಿ, ಆಮೇಲೆ ಮಾರ್ಚಿನಲ್ಲಿ ಹೆಮ್ಮೆ ಅಂತೀವಿ.

ಅಷ್ಟರಲ್ಲಿ ನಿರೂಪಕ, 'ಪಂಚಾಯ್ತಿ ಅಧ್ಯಕ್ಷರ ಯಜಮಾನರು ವೇದಿಕೆಗೆ ಬರಬೇಕು' ಅಂದ. ಬಂದರು, ಕೂತರು, ಹಾರಕ್ಕೆ ಕತ್ತು ಬಗ್ಗಿಸಿದರು. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ 2010ರಲ್ಲೇ ಕಾನೂನು ಬಂತು. ಕುರ್ಚಿಗೆ ಬಂತು, ಕೂರೋರಿಗೆ ಇನ್ನೂ ಬಂದಿಲ್ಲ. ಅಧ್ಯಕ್ಷರು ಎಲ್ಲಿದ್ದರು ಅಂತೀರಾ? ಮೂರನೇ ಸಾಲಲ್ಲಿ, ತೊಡೆ ಮೇಲೆ ನಿದ್ದೆ ಹೋದ ಮೊಮ್ಮಗು ಇಟ್ಟುಕೊಂಡು.

ಕೊನೆಗೆ ಸನ್ಮಾನ, ಒಬ್ಬ ಆಶಾ ಕಾರ್ಯಕರ್ತೆಗೆ. ಶಾಲು, ಹಾರ, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಫೋಟೋಗೆ ಅಂತ ಘನ ಉಪಸ್ಥಿತಿಯ ಅಷ್ಟೂ ಜನ ಶಾಲಿನ ಅಂಚು ಹಿಡಿದರು. ಆಯಮ್ಮ ಕಾಣಲೇ ಇಲ್ಲ. ಆಮೇಲೆ ಯಾರೋ ನೆನಪು ಮಾಡಿಕೊಂಡು, 'ಒಂದೆರಡು ಮಾತಾಡಿ ಮೇಡಂ, ಟೈಮಿಲ್ಲ, ಚುಟುಕಾಗಿ' ಅಂತ ಮೈಕ್ ಕೊಟ್ಟರು.

'ಆರು ಗಂಟೆ ಬಸ್ಸು ಹೊರಟುಹೋಗುತ್ತೆ ಸಾರ್' ಅಂದರು.

ಜೋರು ಚಪ್ಪಾಳೆ.