ಕರಿಯ ಮುಸುಕು, ಶಿಶುನಾಳದ ಕೋಡಗ

ಅಮೆರಿಕದ ನ್ಯಾಶ್‌ವಿಲ್‌ಗೆ ಬಂದ ಮೊದಲ ವರ್ಷ, ಪಕ್ಕದ ಮನೆಯ ಜಗಲಿಯಲ್ಲಿ ಕೂತು ‘ಲಾಂಗ್ ಬ್ಲ್ಯಾಕ್ ವೇಲ್’ (ಉದ್ದನೆಯ ಕರಿಯ ಮುಸುಕು) ಎಂಬ ಹಾಡು ಕೇಳಿದೆ. ಹಾಡಿದವರು ಬಡಗಿ ಕೆಲಸದಿಂದ ನಿವೃತ್ತರಾದ ನೆರೆಯವರು. ಹಾಡು ಶುರುವಾಗುವುದೇ ಕೊಲೆಯಿಂದ. ಹತ್ತು ವರ್ಷದ ಹಿಂದೆ, ಚಳಿಯ ಕತ್ತಲ ರಾತ್ರಿ, ಟೌನ್‌ಹಾಲಿನ ದೀಪದ ಕೆಳಗೆ ಯಾರನ್ನೋ ಕೊಂದರು. ಓಡಿಹೋದವನು ನನ್ನ ಹಾಗೇ ಇದ್ದ ಅಂತ ಕಂಡವರು ಹೇಳಿದರು ಎನ್ನುತ್ತಾನೆ ಹಾಡಿನೊಳಗಿನವನು. ಆ ಹೊತ್ತಿಗೆ ಎಲ್ಲಿದ್ದೆ ಎಂದು ನ್ಯಾಯಾಧೀಶ ಕೇಳುತ್ತಾನೆ. ಹೇಳಿಬಿಟ್ಟರೆ ಜೀವ ಉಳಿಯುತ್ತದೆ. ಆದರೆ ಅವನಿದ್ದದ್ದು ಜೀವದ ಗೆಳೆಯನ ಹೆಂಡತಿಯ ತೋಳಿನಲ್ಲಿ. ಬಾಯಿ ಬಿಡದೆ ಗಲ್ಲಿಗೇರುತ್ತಾನೆ. ಈಗ ಗಾಳಿ ಊಳಿಡುವ ರಾತ್ರಿಗಳಲ್ಲಿ ಆಕೆ ಕರಿಯ ಮುಸುಕು ಹೊದ್ದು ಅವನ ಗೋರಿಗೆ ಬರುತ್ತಾಳೆ. ಇಷ್ಟನ್ನೂ ಹೇಳುತ್ತಿರುವವನು ಆ ಸತ್ತವನೇ.

ಪಲ್ಲವಿಯ ಕೊನೆಗೆ, ಇದು ಯಾರಿಗೂ ತಿಳಿಯದು ಎನ್ನುವ ಮಾತಿಗೆ ಮುಂಚೆ, ನೆರೆಯವರು ಅಂಗೈಯನ್ನು ಗಿಟಾರಿನ ತಂತಿಗಳ ಮೇಲೆ ಚಪ್ಪಟೆಯಾಗಿ ಇಟ್ಟರು. ನಾದ ನಿಂತಿತು. ಆ ಸಾಲು ಬರೀ ಗಂಟಲಿನಲ್ಲಿ ಬಂತು. ನನಗೆ ನೆನಪಾದದ್ದು ‘ಕೆರೆಗೆ ಹಾರ’. ತನ್ನನ್ನು ಕೆರೆಗೆ ಬಲಿ ಕೊಡುತ್ತಾರೆಂಬುದನ್ನು ಭಾಗೀರಥಿ ಹೆತ್ತವರಿಂದ ಮುಚ್ಚಿಟ್ಟು, ಗೆಳತಿಗೆ ಮಾತ್ರ ಹೇಳುತ್ತಾಳಲ್ಲ, ಅದು.

ಇದೂ ಹಾಗೆಯೇ ಬಾಯಿಂದ ಬಾಯಿಗೆ ಬಂದ ಜನಪದ ಹಾಡೆಂದು ಬಹಳ ದಿನ ನಂಬಿದ್ದೆ. ಅಲ್ಲ. ಡ್ಯಾನಿ ಡಿಲ್ ಮತ್ತು ಮ್ಯಾರಿಜಾನ್ ವಿಲ್ಕಿನ್ ಎಂಬಿಬ್ಬರು 1959ರಲ್ಲಿ ಬರೆದದ್ದು. ಮೂಕಿ ಚಿತ್ರಗಳ ನಟ ರುಡಾಲ್ಫ್ ವ್ಯಾಲೆಂಟಿನೊ ಸಮಾಧಿಗೆ ಬರುತ್ತಿದ್ದ ಮುಸುಕಿನ ಹೆಂಗಸಿನ ಸುದ್ದಿ ಡಿಲ್ ತಲೆಯಲ್ಲಿತ್ತು. ಅದೇ ವರ್ಷ ಟೆಕ್ಸಸ್‌ನ ಲೆಫ್ಟಿ ಫ್ರಿಜ಼ೆಲ್ ಹಾಡಿದ ರೆಕಾರ್ಡು ‘ಕಂಟ್ರಿ’ ಎಂಬ ಇಲ್ಲಿನ ಹಳ್ಳಿಗಾಡಿನ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಬಂತು. ಲೆಫ್ಟಿ ಸ್ವರಾಕ್ಷರಗಳನ್ನು ಎಳೆದು, ಬಾಗಿಸಿ, ಜಾರಿಸಿ ಹಾಡುವವರು. ಅವರ ಗಂಟಲಲ್ಲಿ ಸತ್ತವನಿಗೆ ಅವಸರವೇ ಇಲ್ಲ.

ಆಮೇಲೆ ಇದನ್ನು ಹಾಡಿದವರ ಸಾಲು ದೊಡ್ಡದು. ಅಮೆರಿಕದ ಜನಪದ ಗಾಯಕಿ ಜೋನ್ ಬಯೆಜ಼್ 1963ರ ಹೊತ್ತಿಗೆ ತಮ್ಮ ಕಛೇರಿಗಳಲ್ಲಿ ಹಾಡಿದರು. ಹೆಣ್ಣು ಕಂಠದಿಂದ ಗಂಡಿನ ‘ನಾನು’ ಬಂದಾಗ ಮುಸುಕಿನವಳೇ ಅವನ ಪರವಾಗಿ ಸಾಕ್ಷಿ ನುಡಿದಂತೆ ನನಗೆ ಕೇಳಿಸುತ್ತದೆ. 1968ರಲ್ಲಿ ‘ದಿ ಬ್ಯಾಂಡ್’ ತಂಡದ ರಿಕ್ ಡ್ಯಾಂಕೊ, ಕೆನಡಾದ ಹುಡುಗ, ಅಳು ತಡೆದುಕೊಂಡವನ ಹಾಗೆ ಹಾಡಿದರು. 1995ರಲ್ಲಿ ಐರ್ಲೆಂಡಿನ ಚೀಫ್ಟನ್ಸ್ ತಂಡದ ಜೊತೆ ರಾಕ್ ಗಾಯಕ ಮಿಕ್ ಜ್ಯಾಗರ್ ಹಾಡಿದಾಗ ಗೋರಿಯ ಗಾಳಿ ಐರಿಷ್ ಪೈಪಿನೊಳಗಿಂದ ಬೀಸಿತು. ಇಲ್ಲಿನ ಬೆಟ್ಟದ ಕಥನಗೀತೆಗಳ ಬೇರು ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿದೆ. ಹಾಗಾಗಿ ಅದು ತವರಿಗೆ ಹೋಗಿಬಂದ ಹಾಡಿನ ಹಾಗಿದೆ.

ನನ್ನನ್ನು ಹಿಡಿದಿಟ್ಟದ್ದು ಕಂಟ್ರಿ ಗಾಯಕ ಜಾನಿ ಕ್ಯಾಶ್. 1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಫಾಲ್ಸಮ್ ಜೈಲಿನೊಳಗೆ ಕೈದಿಗಳ ಮುಂದೆ ಹಾಡಿದರು. ನ್ಯಾಯಾಧೀಶ, ಸುಳ್ಳು ಸಾಕ್ಷಿ, ಗಲ್ಲು: ಇವೆಲ್ಲ ಅಲ್ಲಿ ಕೂತವರಿಗೆ ಕಥೆಯಲ್ಲ. ಗೆಳೆಯನ ಹೆಂಡತಿಯ ಮಾತು ಬಂದಾಗ ಗುಂಪಿನಲ್ಲಿ ಸಣ್ಣ ಗದ್ದಲವೇಳುತ್ತದೆ, ಹಾಡುವವರಿಗೂ ನಗು ಬರುತ್ತದೆ. ಲೆಫ್ಟಿಯ ರೆಕಾರ್ಡಿನಲ್ಲಿ ನಗುವಿಗೆ ಜಾಗವಿಲ್ಲ. ಪದ ಅದೇ, ಧಾಟಿ ಹೆಚ್ಚುಕಡಿಮೆ ಅದೇ, ಆದರೂ ಹಾಡು ಬೇರೆ. ಲೆಫ್ಟಿಯ ಹಾಗೆ ಎಳೆಯಲಿಲ್ಲವೇಕೆ ಎಂದು ಕ್ಯಾಶ್ ಅವರನ್ನು ಕೇಳಿದವರನ್ನು ಇಷ್ಟು ವರ್ಷದಲ್ಲಿ ನಾನು ಈ ಊರಲ್ಲಿ ಕಂಡಿಲ್ಲ.

ನಮ್ಮವರು ಕೇಳುತ್ತಾರೆ. ಕಳೆದ ವರ್ಷ ಬೇರೊಂದು ಊರಿನ ಯುಗಾದಿ ಕಾರ್ಯಕ್ರಮದಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ‘ಕೋಡಗನ ಕೋಳಿ ನುಂಗಿತ್ತ’ ಹಾಡಿದಳು. ಟ್ರ್ಯಾಕ್ ಇಲ್ಲ, ತಬಲಾ ಇಲ್ಲ. ಅಜ್ಜಿ ಹೇಳಿಕೊಟ್ಟ ಮಟ್ಟಿನಲ್ಲಿ, ನಿಧಾನವಾಗಿ, ಒಗಟು ಬಿಡಿಸುವವಳ ಹಾಗೆ. ಇಳಿದು ಬಂದವಳಿಗೆ ಸಿಕ್ಕ ಮಾತು: ‘ಚೆನ್ನಾಗಿತ್ತಮ್ಮ, ಆದ್ರೆ ಅಶ್ವಥ್ ಥರ ಬರ್ಲಿಲ್ಲ. ಯೂಟ್ಯೂಬ್‌ನಲ್ಲಿ ಕರೋಕೆ ಇದೆ, ಅದ್ರ ಜೊತೆ ಪ್ರಾಕ್ಟೀಸ್ ಮಾಡು.’ ಹುಡುಗಿ ತಲೆಯಾಡಿಸಿ ತಟ್ಟೆ ತೆಗೆದುಕೊಂಡು ಹೋಳಿಗೆಯ ಸಾಲಿಗೆ ಹೋದಳು. ಆ ಹೊತ್ತಿಗೆ ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಸಿ. ಅಶ್ವಥ್ ಅವರ ಮೇಲೆ ನನಗೆ ಅಪಾರ ಗೌರವ. ಆ ಗೌರವದಿಂದಲೇ ಹೇಳುತ್ತೇನೆ: ಅಶ್ವಥ್ ಯಾರ ಹಾಗೂ ಹಾಡಲಿಲ್ಲ. ಶರೀಫಜ್ಜ ತೀರಿಕೊಂಡದ್ದು 1889ರಲ್ಲಿ. ಕ್ಯಾಸೆಟ್ ಬರುವ ಮುಂಚೆ ಹತ್ತಿರ ಹತ್ತಿರ ನೂರು ವರ್ಷ ಆ ಪದಗಳು ನಮ್ಮ ಹಾವೇರಿ, ಧಾರವಾಡದ ಕಡೆ ಭಜನೆಯವರ ಬಾಯಲ್ಲೇ ಬದುಕಿದ್ದವು. ತಾಳ, ದಮ್ಮಡಿ, ಏಕತಾರಿ ಹಿಡಿದು ಒಂದೊಂದು ಊರಿನವರು ಒಂದೊಂದು ಮಟ್ಟಿಗೆ ಹಾಡಿಕೊಂಡರು. ಅದನ್ನೆತ್ತಿ ಅಶ್ವಥ್ ತಮ್ಮ ಎದೆಯ ಬಲದಿಂದ ಹೊಸದಾಗಿ ಹಾಡಿದರು. ಕ್ಯಾಶ್ ಮಾಡಿದ್ದೂ ಅದನ್ನೇ. ಆಮೇಲೆ ರಘು ದೀಕ್ಷಿತ್ ಗಿಟಾರ್ ಹಿಡಿದು ಶರೀಫರನ್ನು ಹಾಡಿದಾಗ ಮೂಗು ಮುರಿದವರನ್ನು ನಾನೇ ನೋಡಿದ್ದೇನೆ.

‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನೇ ನೋಡಿ. ಕರ್ನಾಟಕ ಸಂಗೀತದವರು ಮಧ್ಯಮಾವತಿ ರಾಗದಲ್ಲಿ ಹಾಡುತ್ತಾರೆ, ಗದಗಿನ ಭೀಮಸೇನ ಜೋಶಿಯವರು ಹಿಂದೂಸ್ತಾನಿಯಲ್ಲಿ ತುಂಬಿ ಹಾಡಿದರು, ನಮ್ಮವ್ವ ಶುಕ್ರವಾರ ದೀಪ ಹಚ್ಚುವಾಗ ಇವೆರಡೂ ಅಲ್ಲದ ಮಟ್ಟಿನಲ್ಲಿ ಹಾಡುತ್ತಿದ್ದಳು. ಪುರಂದರದಾಸರದು ಯಾವ ಮಟ್ಟೋ ಯಾರೂ ಹೇಳಲಾರರು. ಅಂಕಿತ ಪದದಲ್ಲಿ ಉಳಿಯಿತು, ಧಾಟಿ ಹಾಡುವವರಿಗೆ ಬಿಟ್ಟದ್ದಾಯಿತು. ಇಲ್ಲಿನ ಕಂಟ್ರಿಯವರಿಗಿಂತ ನಾವೇ ಹೆಚ್ಚು ಸಡಿಲ ಬಿಟ್ಟವರು. ಅವರಿಗೆ ಬರೆದವರ ಹಕ್ಕಿದೆ, ರಾಯಲ್ಟಿ ಇದೆ, ಸ್ವರಲಿಪಿ ಅಚ್ಚಾಗಿದೆ. ಅಷ್ಟೆಲ್ಲ ಇದ್ದೂ ಹಾಡುವವರ ಗಂಟಲಿಗೆ ಯಾರೂ ಕೈ ಹಾಕುವುದಿಲ್ಲ.

ಊರು ಬಿಟ್ಟು ಬಂದವರಿಗೆ ಕ್ಯಾಸೆಟ್ಟಿನ ದನಿಯೇ ಊರು. ಅದು ಕೊಂಚ ಅಲುಗಿದರೂ ಏನೋ ಕಳೆದ ಹಾಗಾಗುತ್ತದೆ, ನನಗೂ ಆಗಿದೆ. ಆದರೆ ಆ ಹುಡುಗಿ ಹುಟ್ಟಿದ್ದು ಇಲ್ಲಿ. ನನ್ನ ನೆನಪನ್ನು ಅವಳ ಬಾಯಲ್ಲಿ ಒಪ್ಪಿಸು ಎಂದು ನಾನು ಹೇಗೆ ಕೇಳಲಿ? ಅವಳಿಗೆ ಅಜ್ಜಿಯ ಮಟ್ಟು ಸಿಕ್ಕಿದೆ. ಅದು ಯಾವ ಕರೋಕೆಯಲ್ಲೂ ಇಲ್ಲ.

ಹೋದ ತಿಂಗಳು ಆ ಹುಡುಗಿಯ ಮನೆಗೆ ಫೋನ್ ಮಾಡಿ, ಅಂದು ಹೇಳದೆ ಬಿಟ್ಟದ್ದನ್ನು ಹೇಳಿದೆ. ಆಮೇಲೆ ಆ ಮಟ್ಟಿನಲ್ಲಿ ಒಮ್ಮೆ ಹಾಡಮ್ಮ ಅಂದೆ. ಸ್ಪೀಕರಿನಲ್ಲಿ ಹಾಡಿದಳು. ಜಗಲಿಯಲ್ಲಿದ್ದ ನೆರೆಯವರು ಗಿಟಾರ್ ಎತ್ತಿಕೊಂಡು, ಒಂದಕ್ಷರವೂ ಅರ್ಥವಾಗದೆ ಅವಳ ಶ್ರುತಿ ಹುಡುಕಿದರು. ಎರಡನೇ ನುಡಿಗೆ ಸಿಕ್ಕಿತು.